ಮೂರನೆಯ ತಲೆಮಾರಿನ ಇಂಜಿನಿಯರು ತಂದೆಯ ಗುತ್ತಿಗೆ ಕೆಲಸಕ್ಕೆ ಸೇರಬೇಕೇ, ಹೊರಗೆ ನೌಕರಿ ಹಿಡಿಯಬೇಕೇ?

ಅಜ್ಜ ಗಾರೆ ಮೇಸ್ತ್ರಿ, ತಂದೆ ಗುತ್ತಿಗೆದಾರರು, ನೀವು ಸಿವಿಲ್ ಇಂಜಿನಿಯರು. ಅಮಾವಾಸ್ಯೆಯ ಹಿಂದಿನ ದಿನ ಸ್ಲ್ಯಾಬ್ ಹಾಕಲು ಒಪ್ಪದ ತಂದೆಯವರ ‘ಮೂಢನಂಬಿಕೆ’ಯೊಡನೆ ಏಗುವುದು ಹೇಗೆ, ಹಳೆಯ ರೂಢಿಗೆ ತಲೆಬಾಗಬೇಕೋ ಹೊಸ ವಿದ್ಯೆಯನ್ನು ನಂಬಬೇಕೋ ಎಂದು ಕೇಳಿದ್ದೀರಿ. ಅಮಾವಾಸ್ಯೆಯ ಜಾಗದಲ್ಲಿ ಶನಿವಾರ ಎಂದು ಬರೆದರೆ ಇದು 1979ರಲ್ಲಿ ನನ್ನದೇ ಪ್ರಶ್ನೆಯಾಗಿತ್ತು.

ನಾವು ಬೆನೆ ಇಸ್ರಾಯೇಲ್ ಯಹೂದಿಗಳು. ಕೊಂಕಣದ ಹಳ್ಳಿಗಳಲ್ಲಿ ಎಣ್ಣೆ ತೆಗೆಯುತ್ತಿದ್ದ, ಶನಿವಾರ ಮಾತ್ರ ಗಾಣ ಕಟ್ಟದ ನಮ್ಮವರನ್ನು ಅಲ್ಲಿಯ ಜನ ‘ಶನಿವಾರ ತೇಲಿ’, ಅಂದರೆ ಶನಿವಾರದ ಗಾಣಿಗರು, ಎಂದು ಕರೆಯುತ್ತಿದ್ದರು. ಬ್ರಿಟಿಷರ ಕಾಲದಲ್ಲಿ ಸಮುದಾಯದ ಅನೇಕರು ಸೈನ್ಯ, ರೈಲ್ವೆ, ಲೋಕೋಪಯೋಗಿ ಇಲಾಖೆಗಳನ್ನು ಸೇರಿದಾಗ ನನ್ನ ಅಜ್ಜ ಹುಬ್ಬಳ್ಳಿಗೆ ಬಂದು ರೈಲ್ವೆ ಕಟ್ಟಡಗಳ ಮೇಸ್ತ್ರಿಯಾದರು. ಎಣ್ಣೆಯ ಗಾಣ ಬಿಟ್ಟು ಸುಣ್ಣ ಮರಳು ಅರೆಯುವ ಗಾರೆಯ ಗಾಣಕ್ಕೆ ಬಂದೆವು, ಎತ್ತು ಸುತ್ತುವುದು ಮಾತ್ರ ತಪ್ಪಲಿಲ್ಲ ಎಂದು ಅವರು ನಗುತ್ತಿದ್ದರಂತೆ. ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ ಆಡುತ್ತ ಬೆಳೆದ ನನಗೆ ಹದಿನಾರು ತುಂಬಿದಾಗ, 1966ರಲ್ಲಿ, ತಂದೆ ಮನೆಮಂದಿಯನ್ನೆಲ್ಲ ಕರೆದುಕೊಂಡು ಇಸ್ರೇಲಿನ ಬೇರ್ಷೆಬಾಕ್ಕೆ ವಲಸೆ ಹೋದರು. ನೆಗೆವ್ ಮರುಭೂಮಿಯ ಆ ಊರಿನಲ್ಲಿ ವಲಸಿಗರಿಗಾಗಿ ಕಾಂಕ್ರೀಟಿನ ವಸತಿ ಕಟ್ಟಡಗಳು ಸಾಲುಸಾಲಾಗಿ ಏಳುತ್ತಿದ್ದವು. ಬೆನೆ ಇಸ್ರಾಯೇಲರು ಅಪ್ಪಟ ಯಹೂದಿಗಳು ಹೌದೋ ಅಲ್ಲವೋ ಎಂದು ಮದುವೆಯ ವಿಷಯದಲ್ಲಿ ಎದ್ದಿದ್ದ ತಕರಾರು 1964ರಲ್ಲಷ್ಟೇ ತಣ್ಣಗಾಗಿದ್ದರೂ, ತಂದೆಯ ಕೈಗೆಲಸದ ಬಗ್ಗೆ ಮಾತ್ರ ಯಾರೂ ತಕರಾರು ತೆಗೆಯಲಿಲ್ಲ. ಅವರು ಸಣ್ಣ ಗುತ್ತಿಗೆದಾರರಾದರು. ನಾನು ಹೈಫಾದ ಟೆಕ್ನಿಯಾನ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಓದಿ ಅವರ ಜೊತೆ ಸೇರಿದೆ.

ತಂದೆಯದು ಒಂದೇ ಕಟ್ಟಳೆ: ಸ್ಲ್ಯಾಬ್ ಹಾಕುವುದಾದರೆ ಭಾನುವಾರ ಬೆಳಿಗ್ಗೆ. ಯಾಕೆ ಎಂದರೆ, ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆಯವರೆಗಿನ ನಮ್ಮ ಧಾರ್ಮಿಕ ವಿರಾಮವನ್ನು ನೆನೆದು, ‘ಶಬ್ಬಾತ್ ಬರುತ್ತದಲ್ಲ’ ಎನ್ನುತ್ತಿದ್ದರು. ಇದು ಬರೀ ಮಡಿವಂತಿಕೆ ಎಂದುಕೊಂಡ ನಾನು, ಮೇ ತಿಂಗಳಲ್ಲಿ ಅವರು ಊರಲ್ಲಿಲ್ಲದ ಒಂದು ಗುರುವಾರ, ಸೆಂಟ್ರಿಂಗ್ ಮುಗಿದು ಕಬ್ಬಿಣ ಕಟ್ಟಿಯಾಗಿದೆ, ಮೂರು ದಿನ ಯಾಕೆ ಕಾಯಬೇಕೆಂದು ಸ್ಲ್ಯಾಬ್ ಹಾಕಿಸಿದೆ. ಸಂಜೆ ನೀರು ಹೊಡೆಸಿದೆ. ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ಕೆಲಸದವರು ಮನೆಗೆ ಹೋದರು; ಅವರು ಮರಳಿ ಬರುವುದು ಭಾನುವಾರ ಬೆಳಿಗ್ಗೆ ಆರಕ್ಕೆ. ನಡುವೆ 42 ಗಂಟೆ. ಕಾವಲಿಗಿದ್ದ ಬೆದೂಯಿನ್ (ಮರುಭೂಮಿಯ ಅರಬ್) ಮುದುಕನಿಗೆ ಹೇಳಿದ್ದರೆ ಆತ ನೀರು ಹಾಕುತ್ತಿದ್ದ. ನಾನು ಹೇಳಲಿಲ್ಲ, ತೊಟ್ಟಿಯನ್ನೂ ತುಂಬಿಸಿರಲಿಲ್ಲ, ಒಂದು ಗೋಣಿತಾಟನ್ನೂ ಹೊದಿಸಿರಲಿಲ್ಲ. ಆ ಶನಿವಾರ ಮರುಭೂಮಿಯಿಂದ ಶರಾವ್ ಎಂಬ ಬಿಸಿಗಾಳಿ ಬೀಸಿತು. ಕಾಂಕ್ರೀಟು ಒಣಗುವುದರಿಂದ ಗಟ್ಟಿಯಾಗುವುದಿಲ್ಲ, ಸಿಮೆಂಟು ನೀರಿನೊಡನೆ ಕೂಡಿ ಗಟ್ಟಿಯಾಗುತ್ತದೆ, ನೀರು ಆರಿಹೋದರೆ ಆ ಕ್ರಿಯೆ ಅರ್ಧಕ್ಕೇ ನಿಂತು ಮೇಲ್ಪದರ ಕುಗ್ಗಿ ಸೀಳುತ್ತದೆ ಎಂಬುದನ್ನು ನಾನು ಪರೀಕ್ಷೆಯಲ್ಲಿ ಅಂದವಾಗಿ ಬರೆದು ಅಂಕ ಪಡೆದವನು. ಭಾನುವಾರ ಹೋಗಿ ನೋಡಿದರೆ ಬತ್ತಿದ ಕೆರೆಯ ತಳದಂತೆ ಸ್ಲ್ಯಾಬ್ ಬಾಯಿಬಿಟ್ಟಿತ್ತು. ಕೊರೆದು ತೆಗೆದ ತುಂಡುಗಳು ಪರೀಕ್ಷೆಯಲ್ಲಿ ಸೋತವು, ಒಂದು ಅಂಕಣವನ್ನು ಒಡೆದು ಮತ್ತೆ ಹಾಕಬೇಕಾಯಿತು, ಮುಂದಿನ ಗುತ್ತಿಗೆ ಕೈತಪ್ಪಿತು, ಲಾರಿ ಮಾರಿದೆವು. ಊರಿನಿಂದ ಬಂದ ತಂದೆ ಕೇಳಿದ್ದು ಇಷ್ಟೇ: ‘ಶುಕ್ರವಾರ ಮಧ್ಯಾಹ್ನದ ಮೇಲೆ ನೀರು ಯಾರು ಹಾಕಿದರು?’ ಭಾನುವಾರ ಹಾಕಿದರೆ ಶುಕ್ರವಾರದವರೆಗೆ ಕೈಯಲ್ಲಿ ಆಳು ಇರುತ್ತಾರೆ ಎಂಬ ಲೆಕ್ಕ ಆಗ ನನಗೆ ಹೊಳೆಯಿತು. ಅವರು ಅದನ್ನು ಬಿಡಿಸಿ ಹೇಳಿರಲಿಲ್ಲ, ನಾನೂ ಕೆದಕಿ ಕೇಳಿರಲಿಲ್ಲ.

ಆದ್ದರಿಂದ ಹಳೆಯ ರೂಢಿಯೋ ಹೊಸ ವಿದ್ಯೆಯೋ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಮೂರು ತಲೆಮಾರು ಎಂಬ ಹೆಮ್ಮೆಗಾಗಿ ಸೇರುವುದಾದರೆ ದಯವಿಟ್ಟು ಸೇರಬೇಡಿ. ನನ್ನ ಮಗಳೂ ಸ್ಟ್ರಕ್ಚರಲ್ ಇಂಜಿನಿಯರೇ, ಬೇರೆಯವರ ಕಚೇರಿಯಲ್ಲಿ ಸುಖವಾಗಿದ್ದಾಳೆ. ಆದರೆ ಒಂದು ಕಟ್ಟಡ ಪಾಯದಿಂದ ತಾರಸಿಯವರೆಗೆ ಏಳುವಷ್ಟು ಕಾಲ ತಂದೆಯವರ ಕೈಕೆಳಗೆ ದುಡಿಯಿರಿ, ಪ್ರತಿಯೊಂದು ಕಟ್ಟಳೆಗೂ ಕಾರಣ ಕೇಳಿ ಬರೆದಿಡಿ. ಕಾರಣವಿಲ್ಲದವೂ ಇರುತ್ತವೆ: ಕಲಸು ಸಲೀಸಾಗಿ ಹರಿಯಲಿ ಎಂದು ನನ್ನ ತಂದೆ ಕಣ್ಣಳತೆಯಲ್ಲಿ ನೀರು ಸುರಿಯುತ್ತಿದ್ದರು, ಅದು ಬಲವನ್ನು ಕೆಡಿಸುತ್ತದೆಂದು ಜಗಳವಾಡಿ, ಕಲಸು ಎಷ್ಟು ತೆಳುವಾಗಿದೆ ಎಂದು ಅಳೆಯುವ ಸ್ಲಂಪ್ ಪರೀಕ್ಷೆ ತಂದದ್ದು ನಾನೇ, ಅದರಲ್ಲಿ ನಾನು ಸರಿ.

ಕಾಂಕ್ರೀಟ್ ಕೆಲಸಕ್ಕೆ ಭಾರತದಲ್ಲಿರುವ ಐಎಸ್ 456 ಸಂಹಿತೆ ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಒಣ ಬಿಸಿಲಿನ ಕಡೆ 10 ದಿನ ಕ್ಯೂರಿಂಗ್, ಅಂದರೆ ಕಾಂಕ್ರೀಟನ್ನು ತೇವವಾಗಿಡುವುದು, ಬೇಕೆನ್ನುತ್ತದೆ. ನಿಮ್ಮ ಕಡೆ ಅಮಾವಾಸ್ಯೆಯಂದು ಆಳುಗಳು ಕೆಲಸಕ್ಕೆ ಬರುತ್ತಾರೆಯೇ? ಬರುವುದಿಲ್ಲವಾದರೆ, ಹಿಂದಿನ ದಿನ ಹಾಕಿದ ಸ್ಲ್ಯಾಬಿಗೆ ಬದು ಕಟ್ಟಿ ನೀರು ನಿಲ್ಲಿಸುವವರು ಯಾರೆಂದು ತಂದೆಯವರನ್ನು ಕೇಳಿ ನೋಡಿ.