ಬಾಯಲ್ಲಿ ಹೇಳಿದರೆ ನಗುವವರು, ಸ್ಟ್ರಿಪ್ ನೋಡಿ ಯಾಕೆ ನಗುವುದಿಲ್ಲ?

ಉಡುಪಿ–ಮಂಗಳೂರು ಎಕ್ಸ್‌ಪ್ರೆಸ್ ಬಸ್ಸಿನ ಜೋಕನ್ನು ನೀವು ನಾಲ್ಕು ಚೌಕದ ಕಾಮಿಕ್ ಸ್ಟ್ರಿಪ್ ಆಗಿ ಬಿಡಿಸಿದ್ದೀರಿ, ಜೋಕ್ ಒಳ್ಳೆಯದುಂಟು. ಮೊದಲ ಚೌಕದಲ್ಲಿ ಕಂಡಕ್ಟರ್ "ಹಿಂದೆ ಹೋಗಿ, ಹಿಂದೆ ಖಾಲಿ ಉಂಟು" ಎಂದು ಕೂಗುತ್ತಾನೆ. ಎರಡರಲ್ಲಿ ಕೊಡೆ ಹಿಡಿದ ಅಜ್ಜ ರಶ್ಶಿನಲ್ಲಿ ಹಿಂದೆ ಸರಿಯುತ್ತಾರೆ. ಮೂರರಲ್ಲಿ ಹಿಂಬಾಗಿಲಿನಿಂದ ಹೊರಬಿದ್ದು ರಸ್ತೆಯಲ್ಲಿ ನಿಂತು "ಹೌದು ಮಾರಾಯ್ರೆ, ಹಿಂದೆ ಪೂರಾ ಖಾಲಿ ಉಂಟು, ನೀವು ಹೇಳಿದ್ದು ಸರಿ" ಎನ್ನುತ್ತಾರೆ. ನಾಲ್ಕರಲ್ಲಿ ಬಸ್ಸಿನವರೆಲ್ಲ ನಗುತ್ತಾರೆ. ಬಾಯಲ್ಲಿ ಹೇಳಿದಾಗ ನಕ್ಕ ಗೆಳೆಯರು ಚಿತ್ರ ನೋಡಿ ಸುಮ್ಮನಾದರು, ಯಾಕೆ ಅಂತ ಕೇಳಿದ್ದೀರಿ.

ನಾಲ್ಕನೇ ಚೌಕವೇ ಕಾರಣ. ನಗಬೇಕಾದವರು ನಾವು, ನಮಗಿಂತ ಮೊದಲು ಬಸ್ಸಿನವರು ನಕ್ಕುಬಿಟ್ಟಿದ್ದಾರೆ. ಅದನ್ನು ತೆಗೆದು ಅಜ್ಜನನ್ನು ಕೊನೆಗೆ ತನ್ನಿ.

ಆಗ ಮೂರನೆಯದು ತೆರವಾಗುತ್ತದೆ. ಅಲ್ಲಿ ಮಾತೇ ಬೇಡ. ಯಕ್ಷಗಾನದಲ್ಲಿ ಒಳ್ಳೆಯ ಹಾಸ್ಯಗಾರರು ಭಾಗವತರ ಪ್ರಶ್ನೆಗೆ ಥಟ್ಟನೆ ಉತ್ತರ ಕೊಡುವುದಿಲ್ಲ. ಒಮ್ಮೆ ಸಭೆಯ ಕಡೆ ನೋಡುತ್ತಾರೆ, ತಲೆ ಕೆರೆಯುತ್ತಾರೆ, ಆಮೇಲೆ ಮಾತು. ನೀವು ಬಾಯಲ್ಲಿ ಹೇಳುವಾಗಲೂ ಗೊತ್ತಿಲ್ಲದೆಯೇ ಅಲ್ಲಿ ಒಂದು ಕ್ಷಣ ನಿಂತಿರುತ್ತೀರಿ. ಕಾಗದದಲ್ಲಿ ನಿಲ್ಲಬೇಕಾದರೆ ಜಾಗ ಕೊಡಬೇಕು, ಒಂದು ಇಡೀ ಚೌಕ. ಬರೀ ರಶ್ಶು ಬಿಡಿಸಿ, ನಡುವೆ ಅಜ್ಜನ ಕೊಡೆಯ ತುದಿ ಮಾತ್ರ ಕಾಣಲಿ. ಹಿಂಬಾಗಿಲು ತೋರಿಸಿದಿರೋ, ಗುಟ್ಟು ಹೋಯಿತು. ನಾಲ್ಕೇ ಚೌಕ ಇರುವಾಗ ಇಂಥ ಮೌನ ಒಂದು ಸಾಕು, ಎರಡಾದರೆ ಜೋಕ್ ತಣ್ಣಗಾಗುತ್ತದೆ.

ಇನ್ನೊಂದು, ನನಗೆ ಬಹಳ ಮುಖ್ಯ ಅನ್ನಿಸುವುದು: ಬಸ್ಸಿನ ಮೂತಿ. ನೀವು ಅದನ್ನು ಬಲಕ್ಕೆ ತಿರುಗಿಸಿದ್ದೀರಿ. ಹಾಗಾಗಿ ಅಜ್ಜ ಹಿಂದೆ ಹೋದಷ್ಟೂ ಎಡಕ್ಕೆ ಹೋಗುತ್ತಾರೆ, ಓದುವ ಕಣ್ಣು ಬಲಕ್ಕೆ. ಬಸ್ಸನ್ನು ಎಡಕ್ಕೆ ತಿರುಗಿಸಿ. ಬಸ್‌ಸ್ಟ್ಯಾಂಡಿನಲ್ಲಿ ನಿಂತವರಿಗೆ ಬಾಗಿಲು ಕಾಣುವುದೂ ಹಾಗೆಯೇ. ಅಜ್ಜ ನಮ್ಮ ಕಣ್ಣಿನ ಜೊತೆಗೇ ಸಾಗಿ ಕೊನೆಯ ಚೌಕದ ಬಲತುದಿಗೆ ಬಂದು ನಿಲ್ಲುತ್ತಾರೆ, ಹೊರಟುಹೋದ ಬಸ್ಸು ಎಡದಲ್ಲಿ ಸಣ್ಣದಾಗಿ. ಮಾತು "ಖಾಲಿ ಉಂಟು" ಎಂಬಲ್ಲಿಗೆ ಮುಗಿಯಲಿ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದೇ ನಮಗೆ ದೊಡ್ಡ ಅನುಕೂಲ. "ನೀವು ಹೇಳಿದ್ದು ಸರಿ" ಎಂದು ಬಾಲ ಅಂಟಿಸಿ ಅದನ್ನು ಕಳೆದುಕೊಳ್ಳಬೇಡಿ.

ಜಪಾನಿನ ನಾಲ್ಕು ಚೌಕದ ಸ್ಟ್ರಿಪ್‌ಗಳಲ್ಲಿ ತಿರುವು ಮೂರನೆಯದರಲ್ಲೇ ಬರುವ ಪದ್ಧತಿ ಉಂಟು. ಆದರೆ ಅಲ್ಲಿ ನಾಲ್ಕನೆಯದಕ್ಕೂ ಅದರದ್ದೇ ಕೆಲಸ ಇರುತ್ತದೆ, ಬರೀ ನಗುವುದಲ್ಲ.

ಚೌಕಗಳ ಜೋಡಣೆ ಬಗ್ಗೆಯೂ ಕೇಳಿದ್ದೀರಿ. 1950ರಲ್ಲಿ ಶುರುವಾದ ಅಮೆರಿಕದ 'ಪೀನಟ್ಸ್' ಎಂಬ ಸ್ಟ್ರಿಪ್ ನಾಲ್ಕು ಸಮ ಚೌಕಗಳಲ್ಲಿ ಬರುತ್ತಿತ್ತು. ಪತ್ರಿಕೆಯವರು ಜಾಗ ನೋಡಿಕೊಂಡು ಅಡ್ಡಕ್ಕೆ, ಉದ್ದಕ್ಕೆ, ಇಲ್ಲವೇ ಎರಡರ ಕೆಳಗೆ ಎರಡಾಗಿ ಇಡಬಹುದಿತ್ತು. ನಿಮ್ಮದಕ್ಕೆ ಆ ಮೂರನೇ ಜೋಡಣೆ ಬೇಡ. ನಾಲ್ಕನೆಯದು ಎರಡನೆಯದರ ನೇರ ಕೆಳಗೆ ಬರುತ್ತದೆ, ಅಜ್ಜ ರಸ್ತೆಯಲ್ಲಿರುವುದು ಮೊದಲೇ ಕಣ್ಣಿಗೆ ಬೀಳುತ್ತದೆ. ಮೊಬೈಲಿಗಾದರೆ ಒಂದರ ಕೆಳಗೊಂದು ಉದ್ದಕ್ಕೆ ಇಡಿ, ಅಜ್ಜ ಬೆರಳು ಸರಿಸಿದ ಮೇಲೆಯೇ ಸಿಗಲಿ.