ಮನೆ ಕೊಂಡರೆ ಅದರ ವಾರಂಟಿಗಳೂ ಬರುತ್ತವಾ?

ಅಮೆರಿಕಕ್ಕೆ ಬಂದು ಮೊದಲ ಮನೆ ಕೊಳ್ಳುತ್ತಿದ್ದೀರಿ, ಮುಂದಿನ ತಿಂಗಳು ಕ್ಲೋಸಿಂಗ್, ಅಂದರೆ ಸಹಿ ಹಾಕಿ ಮನೆ ನಿಮ್ಮ ಹೆಸರಿಗೆ ಆಗುವ ದಿನ. ಎಸಿ, ರೂಫ್, ಕಿಟಕಿ ಎಲ್ಲ ಮೂರು ವರ್ಷದ ಹಿಂದೆ ಹಾಕಿಸಿದ್ದು, ಎಲ್ಲಕ್ಕೂ ವಾರಂಟಿ ಇದೆ ಅಂತ ಏಜೆಂಟ್ ಹೇಳಿದ್ದಾರೆ. ಮನೆ ನಮ್ಮದಾದರೆ ವಾರಂಟಿಯೂ ನಮ್ಮದೇ ಅಲ್ವಾ ಅಂತ ಕೇಳಿದ್ದೀರಿ. ತಾನಾಗಿ ಬರುತ್ತದೆ ಅಂದುಕೊಳ್ಳಬೇಡಿ. ಊರಲ್ಲಿ ಕ್ರಯಪತ್ರ ರಿಜಿಸ್ಟರ್ ಆದ ಮೇಲೂ ಖಾತೆ ಬೇರೆಯಾಗಿ ಮಾಡಿಸಿಕೊಳ್ಳುತ್ತೇವಲ್ಲ, ಇದೂ ಹಾಗೇ. ಅದರಲ್ಲೂ ಕೆಲವಕ್ಕೆ ಖಾತೆ ಬದಲಾವಣೆಯೇ ಇಲ್ಲ.

ವಾರಂಟಿ ಕಾಗದ ಕೈಗೆ ಬಂದರೆ ಎಷ್ಟು ವರ್ಷ ಅಂತ ಆಮೇಲೆ ನೋಡಿ. ಮೊದಲು ‘ಒರಿಜಿನಲ್ ಪರ್ಚೇಸರ್’ (ಮೊದಲು ಕೊಂಡವರು) ಅಂತ ಎಲ್ಲಾದರೂ ಬರೆದಿದೆಯಾ ಹುಡುಕಿ. ಮೋಯೆನ್, ಡೆಲ್ಟಾ ಕಂಪನಿಗಳ ನಲ್ಲಿಗಳ ಲೈಫ್‌ಟೈಮ್ ವಾರಂಟಿ ಮೊದಲು ಕೊಂಡವರಿಗೆ, ಅದೂ ಅವರು ಆ ಮನೆಯ ಮಾಲೀಕರಾಗಿರುವ ತನಕ ಮಾತ್ರ. 1975ರ ಮ್ಯಾಗ್ನಸನ್-ಮಾಸ್ ಕಾಯ್ದೆ ಪ್ರಕಾರ ‘ಫುಲ್’ ಅಂತ ಕರೆದ ವಾರಂಟಿ ವಸ್ತು ಯಾರ ಕೈಗೆ ಹೋದರೂ ನಡೆಯಬೇಕು. ಆದರೆ ಮನೆ ಸಾಮಾನಿನ ಕಾಗದದಲ್ಲಿ ಕಾಣುವುದು ಹೆಚ್ಚಾಗಿ ‘ಲಿಮಿಟೆಡ್’ ಅಂತಲೇ, ಅದನ್ನು ಮೊದಲು ಕೊಂಡವರಿಗೆ ಮಾತ್ರ ಅಂತ ಮಿತಿಗೊಳಿಸಬಹುದು. ನಲ್ಲಿ, ಶವರ್‌ಗೆಲ್ಲ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಸೋರಿದರೆ ಒಳಗಿನ ಕಾರ್ಟ್ರಿಜ್ ಬದಲಿಸಿದರೆ ಆಯಿತು.

ದುಡ್ಡು ಇರುವುದು ಎಸಿ ಮತ್ತು ಚಳಿಗಾಲದಲ್ಲಿ ಮನೆ ಬೆಚ್ಚಗಿಡುವ ಫರ್ನೇಸ್‌ನಲ್ಲಿ. ಸಾಮಾನ್ಯವಾಗಿ ಹಾಕಿಸಿದ 60 ಅಥವಾ 90 ದಿನದೊಳಗೆ ಕಂಪನಿಯಲ್ಲಿ ನೋಂದಾಯಿಸಿದರೆ ಬಿಡಿಭಾಗಗಳಿಗೆ 10 ವರ್ಷ, ಮರೆತರೆ 5. ಕ್ಯಾಲಿಫೋರ್ನಿಯಾದಂಥ ಕಡೆ ನೋಂದಾಯಿಸಿಲ್ಲ ಅಂತ ವಾರಂಟಿ ಕಡಿಮೆ ಮಾಡುವ ಹಾಗಿಲ್ಲ. ಮನೆ ಕೈ ಬದಲಾದಾಗ ಕೆಲವು ಕಂಪನಿಗಳು ಹತ್ತು ವರ್ಷವನ್ನು ಐದಕ್ಕೆ ಇಳಿಸುತ್ತವೆ. ಇನ್ನು ಕೆಲವು, ಗಡುವಿನೊಳಗೆ ಅರ್ಜಿ ಹಾಕಿ ಶುಲ್ಕ ಕಟ್ಟಿದರೆ ಉಳಿದ ವರ್ಷಗಳನ್ನು ನಿಮ್ಮ ಹೆಸರಿಗೆ ಮಾಡಿಕೊಡುತ್ತವೆ. ಕಂಪ್ರೆಸರ್ ಕೆಟ್ಟರೆ ಆ ಶುಲ್ಕ ಏನೇನೂ ಅಲ್ಲ ಅನ್ನಿಸುತ್ತದೆ. ಬಿಚ್ಚಿ ಜೋಡಿಸುವವನ ಕೂಲಿ ಮಾತ್ರ ಇದರಲ್ಲಿ ಸಾಮಾನ್ಯವಾಗಿ ಸೇರುವುದಿಲ್ಲ.

ಇನ್ಸ್‌ಪೆಕ್ಷನ್ (ಮನೆಯ ತಪಾಸಣೆ) ಅಥವಾ ಕೊನೆಯ ವಾಕ್-ಥ್ರೂ (ಕ್ಲೋಸಿಂಗ್‌ಗೆ ಮುಂಚೆ ಮನೆ ಸುತ್ತಿ ನೋಡುವುದು) ದಿನ ಒಂದು ಕೆಲಸ ಮಾಡಿ. ಎಸಿಯ ಹೊರಗಿನ ಯೂನಿಟ್ಟಿನ ಮೈಮೇಲೆ ಮಾಡೆಲ್, ಸೀರಿಯಲ್ ನಂಬರ್ ಇರುವ ಲೇಬಲ್ ಅಂಟಿಸಿರುತ್ತಾರೆ. ಬಿಸಿಲು ಮಳೆಗೆ ಅಕ್ಷರ ಮಾಸಿರಬಹುದು. ಹತ್ತಿರದಿಂದ ಎರಡು ಮೂರು ಫೋಟೋ ತೆಗೆಯಿರಿ. ಒಳಗಿನ ಫರ್ನೇಸ್‌ಗೂ ಅದರ ಮೇಲಿನ, ಗಾಳಿ ತಣ್ಣಗೆ ಮಾಡುವ ಕಾಯಿಲ್‌ಗೂ ಬೇರೆ ಬೇರೆ ನಂಬರ್ ಇರುತ್ತದೆ, ಅವನ್ನು ಬಿಡಬೇಡಿ. ಬಹಳಷ್ಟು ಕಂಪನಿಗಳ ಸೈಟಿನಲ್ಲಿ ಆ ನಂಬರ್ ಹಾಕಿದರೆ ನೋಂದಣಿ ಆಗಿದೆಯಾ, ಇನ್ನೆಷ್ಟು ದಿನ ಉಳಿದಿದೆ ಎಲ್ಲ ತೋರಿಸುತ್ತದೆ. ‘ಎಲ್ಲಕ್ಕೂ ವಾರಂಟಿ ಇದೆ’ ಅನ್ನುವ ಏಜೆಂಟ್ ಮಾತಿಗಿಂತ ನಾನು ಈ ಪುಟವನ್ನು ಜಾಸ್ತಿ ನಂಬುತ್ತೇನೆ.

ರೂಫ್‌ಗೆ ಎರಡು ವಾರಂಟಿ. ಶಿಂಗಲ್ (ರೂಫಿಗೆ ಹೊದಿಸುವ ಹಾಳೆ) ತಯಾರಿಸಿದ ಕಂಪನಿಯದು ಒಂದು, ಹೊದಿಸಿದ ಗುತ್ತಿಗೆದಾರನ ಕೆಲಸದ್ದು ಇನ್ನೊಂದು. ನೀರು ಇಳಿದಾಗ ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾರೆ, ಹಾಗಾಗಿ ಇಬ್ಬರ ಕಾಗದವೂ ಬೇಕು. ಶಿಂಗಲ್ ಕಂಪನಿಗಳು ಹೆಚ್ಚಾಗಿ ಒಂದೇ ಸಲ ವರ್ಗಾವಣೆಗೆ ಒಪ್ಪುತ್ತವೆ, ಅದೂ ಮಾರಾಟವಾದ ಇಷ್ಟು ದಿನದೊಳಗೆ ಬರೆದು ತಿಳಿಸಿದರೆ. ನಿಮಗೆ ಮಾರುತ್ತಿರುವವರೇ ಎರಡನೇ ಮಾಲೀಕರಾಗಿದ್ದರೆ ಆ ಒಂದು ಸಲ ಮುಗಿದಿರಬಹುದು. ರೂಫ್ ಹಾಕಿಸಿದ್ದು ಇವರೇನಾ ಅಂತ ಕೇಳಿಬಿಡಿ.

ಕಿಟಕಿಗಳು ಆಂಡರ್ಸನ್ ಕಂಪನಿಯದಾಗಿದ್ದರೆ ನಿಮಗೆ ತಲೆನೋವು ಕಡಿಮೆ. ಅವರ ಹೆಚ್ಚಿನ ಕಿಟಕಿಗಳಿಗೆ ಗಾಜಿಗೆ 20 ವರ್ಷ, ಉಳಿದ ಭಾಗಕ್ಕೆ 10 ವರ್ಷ, ಮಾಲೀಕರು ಬದಲಾದರೂ ನಡೆಯುತ್ತದೆ. ಅವರದೇನಾ ಅಂತ ತಿಳಿಯಲು ಗಾಜಿನ ಮೂಲೆಯಲ್ಲಿ ಸಣ್ಣದಾಗಿ ಕೊರೆದ ಗುರುತು ನೋಡಿ. ವಾಟರ್ ಹೀಟರ್ ವಾರಂಟಿ ಕೆಲವು ಬ್ರ್ಯಾಂಡ್‌ಗಳಲ್ಲಿ ಜಾಗಕ್ಕೆ ಅಂಟಿಕೊಂಡಿರುತ್ತದೆ: ಮೊದಲು ಕೂರಿಸಿದ ಕಡೆಯೇ ಇದ್ದರೆ ಮುಂದಿನ ಮಾಲೀಕರಿಗೂ ಸಲ್ಲುತ್ತದೆ.

ಇಷ್ಟೆಲ್ಲಕ್ಕೂ ಸರಿಯಾದ ಸಮಯ ಕ್ಲೋಸಿಂಗ್‌ಗೆ ಮುಂಚೆ. ಸಹಿ ಆಗಿ ಬೀಗದ ಕೈ ಕೊಟ್ಟ ಮೇಲೆ ಮಾರಿದವರು ಬೇರೆ ರಾಜ್ಯದಲ್ಲಿ ಡಬ್ಬ ಬಿಚ್ಚುತ್ತಿರುತ್ತಾರೆ, ಹಳೇ ಬಿಲ್ ಹುಡುಕುವ ಪುರುಸೊತ್ತು ಅವರಿಗೆಲ್ಲಿ? ಈಗಲೇ ನಿಮ್ಮ ಏಜೆಂಟ್ ಮೂಲಕ ಬರವಣಿಗೆಯಲ್ಲಿ ಕೇಳಿ: ಹಾಕಿಸಿದ ಬಿಲ್‌ಗಳು, ವಾರಂಟಿ ಪ್ರತಿಗಳು, ಅವರ ಸಹಿ ಬೇಕಾದ ವರ್ಗಾವಣೆ ಫಾರಂಗಳು. ಫಾರಂ ನೀವೇ ಇಳಿಸಿ, ತುಂಬಿಸಿ ಕಳಿಸಿದರೆ ಸಹಿ ಬೇಗ ಸಿಗುತ್ತದೆ. ಬಿಲ್ ಕಳೆದಿದೆ ಅಂದರೆ ನಗರ ಅಥವಾ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಬಿಲ್ಡಿಂಗ್ ವಿಭಾಗದಲ್ಲಿ ಪರ್ಮಿಟ್, ಅಂದರೆ ಕೆಲಸಕ್ಕೆ ಪಡೆದ ಅನುಮತಿಯ ದಾಖಲೆ ಹುಡುಕಿ. ರೂಫ್, ಎಸಿ, ವಾಟರ್ ಹೀಟರ್‌ಗೆ ಬಹಳ ಊರುಗಳಲ್ಲಿ ಪರ್ಮಿಟ್ ಬೇಕಾಗುವುದರಿಂದ ತಾರೀಖು ಅಲ್ಲಿ ಸಿಕ್ಕೀತು.

‘ಚಿಂತೆ ಬಿಡಿ, ನಿಮಗೆ ಒಂದು ವರ್ಷದ ಹೋಮ್ ವಾರಂಟಿ ಕೊಡಿಸುತ್ತೇವೆ’ ಅಂತಲೂ ಏಜೆಂಟ್ ಹೇಳಬಹುದು. ಅದು ತಯಾರಕರ ವಾರಂಟಿಯೇ ಅಲ್ಲ, ರಿಪೇರಿಯ ಸರ್ವಿಸ್ ಕರಾರು. ಪ್ರತಿ ಸಲ ಮೆಕ್ಯಾನಿಕ್ ಬಂದಾಗ ಶುಲ್ಕ ಇರುತ್ತದೆ, ಮೊದಲೇ ಇದ್ದ ದೋಷ ಅಂತ ಕೈ ತೊಳೆದುಕೊಳ್ಳುವುದೂ ಉಂಟು. ಪುಕ್ಕಟೆ ಕೊಟ್ಟರೆ ತಗೊಳ್ಳಿ. ಅದನ್ನು ನೆಚ್ಚಿಕೊಂಡು ಎಸಿ, ರೂಫಿನ ಕಾಗದ ಕೇಳುವುದನ್ನು ಮಾತ್ರ ಬಿಡಬೇಡಿ.