ನನ್ನ ಹ್ಯಾಮ್ ರೇಡಿಯೊ ಸಿಗ್ನಲ್ ಎಷ್ಟು ದೂರ ಹೋಗುತ್ತಿದೆ ಎಂದು ಕಂಪ್ಯೂಟರಿನಲ್ಲಿ ತಿಳಿಯುವುದು ಹೇಗೆ?
ಡಬ್ಲ್ಯುಎಸ್‌ಜೆಟಿ-ಎಕ್ಸ್ ತಂತ್ರಾಂಶದಿಂದ 14.074 ಮೆಗಾಹರ್ಟ್ಸ್‌ನಲ್ಲಿ ಎಫ್‌ಟಿ8 (ಕಂಪ್ಯೂಟರ್ ಮೂಲಕ ಚಿಕ್ಕ ಸಂದೇಶ ಕಳಿಸುವ ಡಿಜಿಟಲ್ ವಿಧಾನ) ಸಿಕ್ಯೂ (ಯಾರಾದರೂ ಉತ್ತರಿಸಿ ಎಂಬ ಕರೆ) ನಾಲ್ಕೈದು ಬಾರಿ ಕಳಿಸಿ, ಪಿಎಸ್‌ಕೆ ರಿಪೋರ್ಟರ್ ಜಾಲತಾಣದ ನಕ್ಷೆಯಲ್ಲಿ ನಿಮ್ಮ ಕಾಲ್‌ಸೈನ್ (ಪರವಾನಗಿಯಲ್ಲಿ ಕೊಟ್ಟ ರೇಡಿಯೊ ಗುರುತು) ಹುಡುಕಿ. ನಿಮಗೆ ಯಾರೂ ಉತ್ತರಿಸಬೇಕಾಗಿಯೂ ಇಲ್ಲ. ಜಗತ್ತಿನೆಲ್ಲೆಡೆ ಕೇಳುತ್ತಿರುವ ಅನೇಕ ಹ್ಯಾಮ್‌ಗಳ ಕಂಪ್ಯೂಟರುಗಳು ತಮಗೆ ಅರ್ಥವಾದ ಸಿಗ್ನಲ್‌ಗಳನ್ನು ಇಂಟರ್‌ನೆಟ್ ಮೂಲಕ ಅಲ್ಲಿಗೆ ತಾವೇ ವರದಿ ಮಾಡುತ್ತವೆ. ಐದಾರು ನಿಮಿಷ ಕಾಯಿರಿ.

ನಕ್ಷೆ ಖಾಲಿಯೇ? ಆಂಟೆನಾ ಬೈಯುವ ಮೊದಲು ಗಡಿಯಾರ ನೋಡಿ. ಎಫ್‌ಟಿ8 ಸರದಿ 15 ಸೆಕೆಂಡಿನದು; ನಿಮ್ಮ ಗಡಿಯಾರ ಎರಡು ಮೂರು ಸೆಕೆಂಡು ತಪ್ಪಿದರೂ ಸಿಗ್ನಲ್ ಯಾರಿಗೂ ಅರ್ಥವಾಗದು. ಪರದೆಯ ಡಿಟಿ (ಸಮಯದ ವ್ಯತ್ಯಾಸ, ಸೆಕೆಂಡುಗಳಲ್ಲಿ) ಕಾಲಂನಲ್ಲಿ ಎಲ್ಲರಿಗೂ 1ಕ್ಕಿಂತ ಹೆಚ್ಚಿದ್ದರೆ ತಪ್ಪು ನಿಮ್ಮದೇ, ಸಮಯ ಸಿಂಕ್ ಮಾಡಿ. ಕಂಪ್ಯೂಟರಿನ ಆಡಿಯೊ ಮಟ್ಟ ಜಾಸ್ತಿಯಾದರೂ ಸಿಗ್ನಲ್ ಕೆಡುತ್ತದೆ.